ಕೌಲಾಲಂಪುರದ ಮೆಟ್ಟಿಲು ಒರೆಸುತ್ತಿದ್ದ ಜಗಳೂರಿನ ಅಕ್ಕ

ಅಕ್ಕನ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ವರ್ಷಗಟ್ಟಲೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಅದ್ದಿ ಎರಡೂ ಕೈ ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಹಾಗೆ ಬೆಳ್ಳಗೆ, ನುಣ್ಣಗೆ ಆಗಿದ್ದವು. ಬೆರಳ ತುದಿಗಳಲ್ಲಿ ಕೂದಲೆಳೆಯಂಥ ಬಿರುಕುಗಳು. ಹಸಿಮೆಣಸಿನಕಾಯಿಯನ್ನು ಕೈಯಲ್ಲಿ ಮುರಿದರೆ ಉರಿ ತಾಳಲಾರದೆ ಕುಣಿದಾಡುತ್ತಿದ್ದಳು. ಮಣಿಕಟ್ಟಿನಿಂದ ಮೇಲಕ್ಕೆ ಮಾತ್ರ ನಮ್ಮ ಸೀಮೆಯ ಹೆಂಗಸಿನ ಕಪ್ಪು ಬಣ್ಣ, ಅದರ ಮೇಲೊಂದು ಹಸಿರು ಹಚ್ಚೆ. ಮೊದಲ ಸಲ ನೋಡಿದಾಗ ಬೇರೆ ಯಾರದೋ ಕೈಗಳನ್ನು ತಂದು ಆಕೆಗೆ ಜೋಡಿಸಿದ್ದಾರೇನೋ ಅನ್ನಿಸಿತ್ತು.

ಆಕೆಯನ್ನು ನಾನು ಕಂಡದ್ದು ಕೌಲಾಲಂಪುರದಲ್ಲಿ, ನಾವಿದ್ದ ಹದಿನೆಂಟು ಮಹಡಿಯ ಕಟ್ಟಡದ ಮೆಟ್ಟಿಲುಗಳ ಮೇಲೆ. ನಾನು ಸವಳಂಗದವಳು. ಮದುವೆಯಾಗುವವರೆಗೆ ಒಂದು ಕಡೆ ಶಿವಮೊಗ್ಗ, ಇನ್ನೊಂದು ಕಡೆ ಹೊನ್ನಾಳಿ, ಅಷ್ಟೇ ನನ್ನ ಪ್ರಪಂಚ. ನಮ್ಮ ಮನೆಯವರು ಚನ್ನಗಿರಿ ತಾಲ್ಲೂಕಿನ ನಲ್ಲೂರಿನವರು. ಡಿಪ್ಲೊಮಾ ಓದಿ, ಅಲ್ಲಿ ರಬ್ಬರ್ ಗ್ಲೌಸ್ ಮಾಡುವ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದರು. ಮದುವೆಯಾದ ಆರು ತಿಂಗಳಿಗೆ ನನ್ನನ್ನು ಕರೆಸಿಕೊಂಡರು.

ನಮ್ಮದು ಹದಿನಾರನೇ ಮಹಡಿ. ಮುಂಬಾಗಿಲ ಹೊರಗೆ ಇನ್ನೊಂದು ಕಬ್ಬಿಣದ ಜಾಲರಿ ಬಾಗಿಲು, ಅದಕ್ಕೆ ಬೀಗ. ಪ್ರತಿ ಮನೆಗೂ ಹಾಗೆಯೇ. ಲಿಫ್ಟಿನಲ್ಲಿ ನಾಲ್ಕು ಎಂಬ ಅಂಕಿಯೇ ಇರಲಿಲ್ಲ. ಮೂರಾದ ಮೇಲೆ ‘ಮೂರು ಎ’, ಆಮೇಲೆ ಐದು. ಚೀನೀಯರ ಮಾತಿನಲ್ಲಿ ನಾಲ್ಕು ಅಂದರೆ ಸಾವು ಅಂದ ಹಾಗೆ ಕೇಳಿಸುತ್ತದಂತೆ. ನಮ್ಮ ಮನೆಯವರು ಬೆಳಿಗ್ಗೆ ಆರಕ್ಕೆ ಕಂಪನಿ ವ್ಯಾನು ಹತ್ತಿದರೆ ಬರುವುದು ಸಂಜೆ ಏಳೂವರೆಗೆ. ಅಷ್ಟು ಹೊತ್ತು ನಾನು, ಫ್ಯಾನು, ಮಧ್ಯಾಹ್ನ ನಾಲ್ಕಕ್ಕೆ ತಪ್ಪದೆ ಬರುವ ಗುಡುಗು. ಕೆಳಗೆ ರಸ್ತೆ ದಾಟಲು ಬರುತ್ತಿರಲಿಲ್ಲ. ಅಂಗಡಿಯವರ ಮಾತು ತಿಳಿಯುತ್ತಿರಲಿಲ್ಲ. ಮಾರ್ಕೆಟ್ಟಿನ ವಾಸನೆ ತಾಳಲಾರದೆ ಎರಡು ಸಲ ಬರಿಗೈಯಲ್ಲಿ ವಾಪಸು ಬಂದಿದ್ದೆ.

ಮೂರನೇ ತಿಂಗಳಿಗೆ ನನಗೆ ನನ್ನ ಮೇಲೆಯೇ ಭಯ ಶುರುವಾಯಿತು. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದರೆ ಕೆಳಗೆ ನೋಡುತ್ತ ನಿಂತುಬಿಡುತ್ತಿದ್ದೆ. ಒಂದು ದಿನ ಹಾಗೆ ನಿಂತವಳಿಗೆ ಎಚ್ಚರವಾದದ್ದು ಮಳೆಯಲ್ಲಿ ಪೂರ್ತಿ ತೊಯ್ದಮೇಲೆ. ಎಷ್ಟು ಹೊತ್ತಿನಿಂದ ನಿಂತಿದ್ದೆ, ಏನು ಯೋಚಿಸುತ್ತಿದ್ದೆ ಎಂದು ನೆನಪಾಗಲಿಲ್ಲ. ಅವತ್ತಿನಿಂದ ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿ ಬಟ್ಟೆಯನ್ನು ಮನೆಯೊಳಗೇ ಒಣಗಿಸತೊಡಗಿದೆ. ಇದನ್ನು ನಮ್ಮ ಮನೆಯವರಿಗೂ ಹೇಳಲಿಲ್ಲ.

ಹಾಗಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಫೋನು ಹಿಡಿದು ಮೆಟ್ಟಿಲ ಹತ್ತಿರ ಬಂದಿದ್ದೆ, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತಿತ್ತು. ಊರಿನಲ್ಲಿದ್ದ ನಮ್ಮವ್ವನಿಗೆ ಹೇಳುತ್ತಿದ್ದೆ: “ಎಲ್ಲಾ ಐತವ್ವ ಇಲ್ಲಿ. ಮಾತಾಡಾಕೆ ಒಂದು ಜನ ಇಲ್ಲ ಅಷ್ಟೇ.”

ಕೆಳಗಿನ ಮೆಟ್ಟಿಲುಗಳ ಮೇಲೆ ಒರೆಸುತ್ತಿದ್ದ ಸದ್ದು ನಿಂತಿತು. ತಿರುವಿನಿಂದ ಒಂದು ಮುಖ ಮೇಲೆ ನೋಡಿತು. ಹಸಿರು ಟೀ ಶರ್ಟು, ಕಾಲಿಗೆ ಗಂಡಸರ ಪ್ಯಾಂಟು, ತಲೆಗೆ ಕಟ್ಟಿದ ವಸ್ತ್ರ.

“ಯಾವೂರವ್ವಾ ನಿಂದು? ಐತೆ ಅಂದ್ಯಲ್ಲ ಈಗ? ಇನ್ನೊಂದ್ಸಲ ಅನ್ನು.”

ನಾನು ಅನ್ನಲಾಗದೆ ಅಳತೊಡಗಿದೆ. ಆಕೆ ಬಕೆಟ್ಟು ಅಲ್ಲೇ ಬಿಟ್ಟು ಎರಡೆರಡು ಮೆಟ್ಟಿಲು ಹತ್ತಿ ಬಂದಳು. “ನಂದು ಜಗಳೂರು ಕಣವ್ವ. ಜಗಳೂರಿಂದ ಒಳಗೆ ಒಂದು ಹಳ್ಳಿ. ಅಳಬ್ಯಾಡ, ಸೂಪರ್‌ವೈಸರ್ ನೋಡಿದ್ರೆ ನಾನೇ ಹೊಡೆದೆ ಅಂತಾನೆ,” ಎಂದಳು.

ಒಳಗೆ ಕರೆದು ನೀರು ಕೊಟ್ಟೆ. ಲೋಟ ಕೈಗೆ ತೆಗೆದುಕೊಳ್ಳುವಾಗ ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆಯನ್ನು ಆಕೆಯೂ ಕೇಳಿದಳು: “ಯಾವ ಜನ ನೀವು?” ನಾನು ಗೋಡೆಯ ಮೇಲಿದ್ದ ಬುದ್ಧನ ಪಟ ತೋರಿಸಿ, “ನಾವು ಬೌದ್ಧರು,” ಎಂದೆ. ಆಕೆಗೆ ಅರ್ಥವಾಯಿತು. ನಮ್ಮ ಸೀಮೆಯಲ್ಲಿ ಅದು ಯಾರಿಗಾದರೂ ಅರ್ಥವಾಗುತ್ತದೆ. ಲೋಟವನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟು, “ಕೆಲಸ ಐತವ್ವ, ಬತ್ತೀನಿ,” ಎಂದು ಎದ್ದು ಹೋದಳು. ನೀರು ತುಂಬಿದ ಆ ಲೋಟ ನೋಡುತ್ತ ಕೂತೆ. ಸಮುದ್ರ ದಾಟಿ ಬಂದರೂ ಇದು ದಾಟಲಿಲ್ಲವಲ್ಲ ಅನ್ನಿಸಿತು.

ಮಾರನೆಯ ದಿನ ಅದೇ ಹೊತ್ತಿಗೆ ಜಾಲರಿ ಬಾಗಿಲು ಬಡಿದ ಸದ್ದು. ಆಕೆ ಹೊರಗೇ ನಿಂತು ಹೇಳಿದಳು: “ನಿನ್ನೆ ನೀರು ಬಿಟ್ಟು ಹೋದ್ನಲ್ಲ ತಂಗಿ, ರಾತ್ರಿಯೆಲ್ಲಾ ನಿದ್ದಿ ಬರ್ಲಿಲ್ಲ ನಂಗೆ. ಇಲ್ಲಿ ಯಾರ್ಯಾರ ಎಂಜಲು ತಟ್ಟೆ ತೊಳೆದು ಅದ್ರಾಗೇ ಉಂಡೀನಿ. ನಿನ್ ಮನ್ಯಾಗೆ ಬಂದು ಊರಿನ ಬುದ್ಧಿ ತೋರಿಸ್ದೆ. ತಪ್ಪಾತು. ಕೊಡು ನೀರು.” ಒಂದೇ ಉಸಿರಿಗೆ ಕುಡಿದು, ಬುದ್ಧನ ಪಟದ ಕಡೆ ಗಲ್ಲ ಎತ್ತಿ, “ಈ ಊರ್ನಾಗೆ ನೀನೇ ದೊಡ್ಡೋಳು ಬಿಡು. ಚೀನೀ ಜನ ಗಲ್ಲಿಗೊಂದು ಗುಡಿ ಕಟ್ಟಿ ನಿನ್ ದೇವ್ರನ್ನೇ ಕೂರ್ಸ್ಯಾರೆ,” ಎಂದು ನಕ್ಕಳು. ಅವತ್ತಿನಿಂದ ನನಗೆ ಆಕೆ ಅಕ್ಕ.

ಆ ಊರಿನಲ್ಲಿ ಬದುಕುವುದನ್ನು ನನಗೆ ಕಲಿಸಿದವಳು ಅಕ್ಕ. ಕೆಲಸ ಮುಗಿಸಿ ಹನ್ನೊಂದಕ್ಕೆ ಬರುತ್ತಿದ್ದಳು, ನನ್ನನ್ನು ಕರೆದುಕೊಂಡು ಇಳಿಯುತ್ತಿದ್ದಳು. ರಸ್ತೆ ದಾಟುವಾಗ ಕಾರುಗಳ ಕಡೆ ನೋಡಬಾರದು, ದಾಟುತ್ತಿರುವ ಯಾವುದಾದರೂ ಮುದುಕಿಯ ಪಕ್ಕಕ್ಕೆ ಸೇರಿಕೊಳ್ಳಬೇಕು. ಕರಿಬೇವು, ತೊಗರಿಬೇಳೆ, ರಾಗಿಹಿಟ್ಟು ತಮಿಳರ ಅಂಗಡಿಯಲ್ಲಿ. ಸೊಪ್ಪು ಮಾತ್ರ ಚೀನೀ ಮುದುಕನ ಹತ್ತಿರ, ಅವನು ತೂಕದಲ್ಲಿ ಮೋಸ ಮಾಡುವುದಿಲ್ಲ. “ಮೂರು ಮಾತು ಕಲಿ ಸಾಕು,” ಎನ್ನುತ್ತಿದ್ದಳು. “ಬೋಲೆ ಅಂದ್ರೆ ಆಗುತ್ತೆ. ತಾಕ್ ಬೋಲೆ ಅಂದ್ರೆ ಆಗಲ್ಲ. ತೊಲೊಂಗ್ ಅಂದ್ರೆ ಕಾಪಾಡ್ರಿ. ಮೊದಲೆರಡು ದಿನಾ ಬೇಕಾಗ್ತಾವೆ. ಮೂರನೇದು ಬಾಯಿಗೆ ಬರದೇ ಇರ್ಲಿ.”

ಆಕೆ ಜೋರಾಗಿ ಮಾತನಾಡುತ್ತಿದ್ದದ್ದು ನಮ್ಮ ಮನೆಯೊಳಗೆ ಮಾತ್ರ. ಬೀದಿಗಿಳಿದರೆ ಗೋಡೆ ಹಿಡಿದು ನಡೆಯುವಳು. ದೂರದಲ್ಲಿ ಯೂನಿಫಾರ್ಮು ಕಂಡರೆ ನನ್ನ ಕೈ ಬಿಟ್ಟು ಯಾವುದೋ ಅಂಗಡಿಯೊಳಗೆ ಸರಿದುಬಿಡುವಳು. ಯಾಕೆಂದು ಬಹಳ ದಿನ ಗೊತ್ತಾಗಲಿಲ್ಲ. ಒಂದು ದಿನ ಮುದ್ದೆ ಕಟ್ಟುತ್ತ ತಾನೇ ಹೇಳಿದಳು.

ಗಂಡ ತೀರಿದ ಮೇಲೆ, ಒಂಬತ್ತು ವರ್ಷದ ಮಗಳನ್ನು ಅಣ್ಣನ ಮನೆಯಲ್ಲಿ ಬಿಟ್ಟು, ಏಜೆಂಟನೊಬ್ಬನ ಮಾತು ನಂಬಿ ಮನೆಗೆಲಸಕ್ಕೆಂದು ಬಂದವಳು. ಎರಡು ವರ್ಷ ಅಂದಿದ್ದರು. ಬಂದ ಮನೆಯಲ್ಲಿ ಪಾಸ್‌ಪೋರ್ಟು ಕಿತ್ತಿಟ್ಟುಕೊಂಡರು. ಬೆಳಗಿನಿಂದ ರಾತ್ರಿಯವರೆಗೆ ದುಡಿಸಿ ಅಡುಗೆಮನೆಯಲ್ಲಿ ಕೂಡಿ ಬೀಗ ಹಾಕುತ್ತಿದ್ದರು. ಹದಿನಾಲ್ಕು ತಿಂಗಳು ತಡೆದು, ಕಸ ಹಾಕಲು ಬಾಗಿಲು ತೆಗೆದಾಗ ಓಡಿಬಂದಳು. ಅವತ್ತಿನಿಂದ ಕೈಯಲ್ಲಿ ಕಾಗದವಿಲ್ಲ. ಕಾಗದವಿಲ್ಲದವರನ್ನು ಅಲ್ಲಿ ‘ಕೊಸೊಂಗ್’ ಎನ್ನುತ್ತಾರೆ. ಖಾಲಿ ಎಂದು ಅರ್ಥ.

“ಹನ್ನೊಂದು ವರ್ಷ ಆತು ತಂಗಿ ನಾನು ಖಾಲಿಯಾಗಿ,” ಎಂದಳು. “ಮಗಳ ಮದುವೆ ಫೋನಾಗೆ ನೋಡ್ದೆ. ಧಾರೆ ಟೈಮ್‌ಗೆ ನೆಟ್ ಹೋತು.”

ಮುದ್ದೆಯನ್ನು ಆಗಲೂ ಗುಂಡಗೆ, ಒಂದು ಗಂಟಿಲ್ಲದೆ ಕಟ್ಟಿದ್ದಳು.

ಆ ವರ್ಷವೇ ನಾನು ಬಸುರಾದೆ. ಐದನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಮಾಸು ಗರ್ಭದ ಬಾಯಿಯ ಹತ್ತಿರ ಕೆಳಗೆ ಕೂತಿದೆ, ಯಾವಾಗ ಬೇಕಾದರೂ ರಕ್ತ ಹೋಗಬಹುದು, ವಿಮಾನ ಹತ್ತುವ ಮಾತೇ ಬೇಡ ಎಂದರು. ಹೆರಿಗೆಗೆ ತವರಿಗೆ ಹೋಗುವ ಆಸೆ ಅಲ್ಲಿಗೆ ಮುಗಿಯಿತು. ಅವ್ವನನ್ನಾದರೂ ಕರೆಸೋಣವೆಂದರೆ ಆಕೆಗೆ ಪಾಸ್‌ಪೋರ್ಟೇ ಆಗಲಿಲ್ಲ. ಆಧಾರಿನಲ್ಲೊಂದು ಹೆಸರು, ವೋಟರ್ ಕಾರ್ಡಿನಲ್ಲೊಂದು ಹೆಸರು, ಹುಟ್ಟಿದ ವರ್ಷ ಎರಡರಲ್ಲೂ ಬೇರೆ. ನ್ಯಾಮತಿಯ ಕಚೇರಿಗೆ ಅಲೆದು ಅಲೆದು ಅವ್ವ ಫೋನಿನಲ್ಲಿ ಅತ್ತಳು. ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡು, “ಯಾಕ್ ಅಳ್ತೀರಿ ಯಜಮಾನ್ತಿ? ನಾನಿಲ್ವಾ ಇಲ್ಲಿ? ನಿಮ್ ಮಗಳ ಬಾಣಂತನ ನಂದು,” ಎಂದುಬಿಟ್ಟಳು.

ಅದೇ ಹೊತ್ತಿಗೆ ಆಕೆಯ ಮಗಳೂ ಬಸುರಿ. ನನಗಿಂತ ಒಂದೂವರೆ ತಿಂಗಳು ಹಿಂದೆ. ಅದನ್ನು ಹೇಳುವಾಗ ಅಕ್ಕನ ಮುಖದಲ್ಲಿ ಸಂತೋಷಕ್ಕಿಂತ ಹೆದರಿಕೆ ಹೆಚ್ಚಾಗಿತ್ತು. “ಪ್ರತಿ ವರ್ಷ ಈ ವರ್ಷ ಬತ್ತೀನಿ ಅಂತ ಸುಳ್ಳು ಹೇಳೀನಿ. ಈ ಸಲ ಬಾಣಂತನಕ್ಕೂ ಹೋಗ್ಲಿಲ್ಲ ಅಂದ್ರೆ ನಾನು ತಾಯಿನೇ ಅಲ್ಲ ಅಂತಾಳೆ.”

ಆಗ ಒಂದು ದಾರಿ ತೆರೆಯಿತು. ಕಾಗದವಿಲ್ಲದವರು ತಾವಾಗಿ ಬಂದು ಒಪ್ಪಿಕೊಂಡರೆ ಜೈಲಿಲ್ಲದೆ ಊರಿಗೆ ಕಳಿಸುತ್ತೇವೆ ಎಂದು ಅಲ್ಲಿನ ಸರ್ಕಾರ ಹೇಳಿತು. ಅದಕ್ಕೆ ಕೆಲವು ತಿಂಗಳ ಗಡುವು. ನನ್ನ ಬಾಣಂತನ ಹೇಗೋ ಆಗುತ್ತದೆ, ನೀನು ಮಗಳ ಹತ್ತಿರ ಹೋಗು ಎಂದೆವು. ನಮ್ಮ ಮನೆಯವರು ಆನ್‌ಲೈನಿನಲ್ಲಿ ಆಕೆಗೆ ದಿನ ಗೊತ್ತುಮಾಡಿದರು, ನಮ್ಮ ದೇಶದ ರಾಯಭಾರ ಕಚೇರಿಯಿಂದ ಪ್ರಯಾಣದ ಕಾಗದ ಮಾಡಿಸಿಕೊಟ್ಟರು. ಅಕ್ಕ ಧೈರ್ಯ ಮಾಡಿ ಅಲ್ಲಿನ ವಲಸೆ ಕಚೇರಿಗೆ ಹೋದಳು. ಮಧ್ಯಾಹ್ನ ಬಂದವಳು ಎರಡೂ ಕೈ ಮುಂದೆ ಚಾಚಿ ನನ್ನೆದುರು ಕೂತಳು.

“ಬೆರಳು ಬರ್ಲಿಲ್ಲ ತಂಗಿ.”

ಬೆರಳಚ್ಚು ಇಲ್ಲದೆ ಕಳಿಸುವಂತಿಲ್ಲವೆಂದು ಹತ್ತೂ ಬೆರಳನ್ನು ಮೆಷಿನ್ನಿನ ಮೇಲೆ ಒತ್ತಿಸಿದ್ದಾರೆ. ಒರೆಸಿ, ತಿಕ್ಕಿ, ಮತ್ತೆ ಮತ್ತೆ ಒತ್ತಿಸಿದ್ದಾರೆ. ಒಂದು ಗೆರೆಯೂ ಮೂಡಲಿಲ್ಲ. ನೀರಿನ ಕೆಲಸ ಬಿಟ್ಟು, ಕೈ ವಾಸಿಮಾಡಿಕೊಂಡು ಬಾ ಎಂದು ಇನ್ನೊಂದು ದಿನ ಕೊಟ್ಟು ಕಳಿಸಿದರು. ಗಡುವು ಮುಗಿಯಲು ಆಗ ಸ್ವಲ್ಪವೇ ದಿನ ಉಳಿದಿತ್ತು.

ಆಮೇಲಿನ ಹದಿನೆಂಟು ದಿನ ನಮ್ಮ ಮನೆಯಲ್ಲಿ ಆ ಕೈಗಳಿಗೆ ನಡೆದ ಸೇವೆ ಯಾವ ದೇವರಿಗೂ ನಡೆದಿರಲಿಕ್ಕಿಲ್ಲ. ನಮ್ಮ ಮನೆಯವರು ಕಾರ್ಖಾನೆಯಿಂದ ಗ್ಲೌಸು ತಂದುಕೊಟ್ಟರು. ಮೂರು ಹೊತ್ತು ಕೊಬ್ಬರಿ ಎಣ್ಣೆ ಹಚ್ಚಿ, ಮೇಲೆ ಗ್ಲೌಸು ಹಾಕಿ ಕೂರಿಸುತ್ತಿದ್ದೆ. ಆಕೆಗೆ ಸುಮ್ಮನೆ ಕೂರಲು ಬಾರದು. ಎದ್ದು ಪಾತ್ರೆ ಕಡೆ ಹೋದರೆ ಗದರಿಸುತ್ತಿದ್ದೆ. ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಬೆರಳ ತುದಿ ನೋಡಿಕೊಳ್ಳುವಳು. ಹನ್ನೆರಡನೇ ದಿನ ಬಲಗೈ ಹೆಬ್ಬೆರಳಿಗೆ ಸುರುಳಿಯ ಹಾಗೆ ಸಣ್ಣ ಗೆರೆಗಳು ಕಂಡವು. “ಬಂದೈತೆ ನೋಡು! ನಮ್ಮೂರ ಕೆರೆ ಏರಿ ಕಂಡಂಗಾತು,” ಎಂದು ಕೂಗಿದಳು. ಇಬ್ಬರೂ ಅತ್ತು ನಕ್ಕೆವು.

ಕಚೇರಿಯವರು ಕೊಟ್ಟಿದ್ದ ದಿನ ಬೆಳಿಗ್ಗೆ ಏಳಕ್ಕೆ ನನಗೆ ಹೇಳಿ ಹೋಗಲೆಂದು ಬಂದಳು. ಆಕೆಯನ್ನು ಸೀರೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಕಾಗದಗಳ ಫೈಲು. ಒಂಬತ್ತು ಗಂಟೆಗೆ ಆಕೆಯ ಸರದಿ. ಬಾಗಿಲು ತೆಗೆಯಲು ಎದ್ದ ನನಗೆ ಕಾಲ ಮೇಲೆ ಬಿಸಿಯಾಗಿ ಏನೋ ಇಳಿದ ಹಾಗಾಯಿತು. ನೋಡಿದರೆ ರಕ್ತ. ಬಾಗಿಲು ತೆಗೆದು ಅಲ್ಲೇ ಕುಸಿದೆ. ಎಂಟು ತಿಂಗಳು ತುಂಬಿ ಕೆಲವೇ ದಿನವಾಗಿತ್ತು.

ಅಕ್ಕ ಫೈಲನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. ನನ್ನ ಕಾಲುಗಳನ್ನು ಎತ್ತಿ ದಿಂಬಿನ ಮೇಲಿಟ್ಟಳು. ಆಮೇಲೆ ಹೊರಗೆ ಹೋಗಿ, ಹನ್ನೊಂದು ವರ್ಷ ಗೋಡೆ ಹಿಡಿದು ನಡೆದ ಆ ಹೆಂಗಸು, ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ ಕೂಗಿದಳು: “ತೊಲೊಂಗ್! ತೊಲೊಂಗ್!” ಜಾಲರಿ ಬಾಗಿಲುಗಳು ಒಂದೊಂದಾಗಿ ತೆರೆದವು. ಎದುರು ಮನೆಯ ಚೀನೀ ಯಜಮಾನ ಕಾರಿನ ಕೀಲಿ ಹಿಡಿದು ಬರಿಗಾಲಲ್ಲೇ ಬಂದ.

ಕಾರಿನಲ್ಲಿ ನನ್ನ ತಲೆ ಆಕೆಯ ತೊಡೆಯ ಮೇಲಿತ್ತು. ನಮ್ಮ ಮನೆಯವರ ಫೋನು ಸಿಗಲಿಲ್ಲ. ಊಟದ ಬಿಡುವಿನವರೆಗೆ ಅದು ಕಾರ್ಖಾನೆಯ ಲಾಕರಿನಲ್ಲಿ ಇರುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಯೂನಿಫಾರ್ಮಿನವರು ನಿಂತಿದ್ದರು. ಅಕ್ಕ ಅವರ ಮುಂದೆಯೇ ನನ್ನ ಸ್ಟ್ರೆಚರು ಹಿಡಿದು ಒಳಗೆ ಬಂದಳು. ಆಪರೇಷನ್‌ಗೆ ಒಯ್ಯುವ ಮೊದಲು ಗೋಡೆ ಗಡಿಯಾರ ಕಂಡಿತು. ಎಂಟು ಗಂಟೆಗೆ ಹತ್ತು ನಿಮಿಷವಿತ್ತು. ಆ ಕಚೇರಿ ಅಲ್ಲಿಂದ ದೂರವೇನಲ್ಲ. ಆಗ ಹೊರಟಿದ್ದರೆ ಆಕೆ ತಲುಪುತ್ತಿದ್ದಳು. ನನಗದು ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ನಾನು ಹೋಗು ಎನ್ನಲಿಲ್ಲ. ಆಕೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ಬಿಟ್ಟು ಹೋಗಬ್ಯಾಡಕ್ಕ, ಸತ್ತೋಗ್ತೀನಿ,” ಎಂದೆ.

“ಎಲ್ಲಿಗೆ ಹೋಗ್ಲಿ? ಇಲ್ಲೇ ಇರ್ತೀನಿ,” ಎಂದಳು.

ಮಗು ಉಳಿಯಿತು, ನಾನೂ ಉಳಿದೆ. ನಮ್ಮ ಮನೆಯವರು ಬಂದಾಗ ಮಧ್ಯಾಹ್ನ ಒಂದೂವರೆ. ಅಲ್ಲಿಯವರೆಗೆ ಅಕ್ಕ ಆಪರೇಷನ್ ಕೋಣೆಯ ಹೊರಗೆ, ರಕ್ತವಾದ ಸೀರೆಯಲ್ಲಿ ಕೂತೇ ಇದ್ದಳಂತೆ. ಮಾರನೆಯ ದಿನ ಫೈಲು ಹಿಡಿದು ಕಚೇರಿಗೆ ಹೋದರೆ ನಿನ್ನೆಯ ಸರದಿ ನಿನ್ನೆಗೇ ಮುಗಿಯಿತು, ಗಡುವಿನವರೆಗೆ ಬೇರೆ ಯಾವ ದಿನವೂ ಖಾಲಿ ಇಲ್ಲ, ಮುಂದೆ ಸರ್ಕಾರ ಮತ್ತೆ ಹೇಳಿದಾಗ ಬಾ ಎಂದರು. ನಮ್ಮ ಮನೆಯವರು ಆಸ್ಪತ್ರೆಯ ಕಾಗದ ತೋರಿಸಿ ಬೇಡಿಕೊಂಡರು. ಬಾಣಂತಿ ಈಕೆಯ ಮಗಳೇ ಎಂದು ಕೇಳಿದರಂತೆ. ಅಲ್ಲ ಎಂದ ಮೇಲೆ ಕಾಗದ ವಾಪಸು ಕೊಟ್ಟರು.

ಮಗಳಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಮಲಗಿದ್ದೆ. “ಬೆರಳು ಬರ್ಲಿಲ್ಲ ಮಗ,” ಎಂದಷ್ಟೇ ಹೇಳಿದಳು ಅಕ್ಕ. ನನ್ನ ಹೆಸರೆತ್ತಲಿಲ್ಲ. ಆ ಕಡೆಯ ಮಾತು ನನಗೂ ಕೇಳಿಸಿತು: “ಇನ್ನೂ ಎಷ್ಟು ಸುಳ್ಳು ಹೇಳ್ತಿ ಬೇ? ನೀನು ಅಲ್ಲೇ ಇರು. ನಂಗೆ ಫೋನ್ ಮಾಡಬ್ಯಾಡ.” ಆಮೇಲೆ ಆ ಮಗಳು ಫೋನು ಎತ್ತಲಿಲ್ಲ. ಮೊಮ್ಮಗ ಹುಟ್ಟಿದ್ದನ್ನು ಅಣ್ಣನ ಹೆಂಡತಿಯಿಂದ ತಿಳಿದಳು.

ಅಕ್ಕ ನನ್ನ ಬಾಣಂತನ ಮಾಡಿದಳು. ಬೆಳ್ಳುಳ್ಳಿ ಹುರಿದು, ಮೆಣಸಿನ ಸಾರು ಮಾಡಿ, ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟಿ, ಕಿವಿಗೆ ಹತ್ತಿ ಇಡಿಸಿ, ಊರಿನಲ್ಲಿ ಹೇಗೋ ಹಾಗೆ. ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾನೇ ಒಮ್ಮೆ, “ನನ್ನಿಂದ ಹಿಂಗಾತಲ್ಲಕ್ಕ,” ಎಂದೆ. ಮಗುವಿನ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ನೀನು ಸತ್ತಿದ್ರೆ ನಾನು ಊರಿಗೆ ಹೋಗಿ ಏನು ಉಣ್ತಿದ್ದೆ?” ಆದರೆ ಮಧ್ಯಾಹ್ನಗಳಲ್ಲಿ, ನಾನು ನಿದ್ದೆ ಹೋಗಿದ್ದೇನೆಂದುಕೊಂಡು ಮಗಳ ನಂಬರಿಗೆ ಮಾಡುತ್ತಿದ್ದಳು. ಅದು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುವವರೆಗೆ ಕಿವಿಗಿಟ್ಟುಕೊಂಡಿರುತ್ತಿದ್ದಳು. ನಾನು ಕಣ್ಣುಮುಚ್ಚಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದೆ.

ಮಗುವಿಗೆ ಐದು ತಿಂಗಳಾದಾಗ ಅಕ್ಕ ನಾಲ್ಕು ದಿನ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಹುಡುಕಿ ಹೋದೆ. ಅಂಗಡಿ ಸಾಲಿನ ಹಿಂದಿನ ಒಂದು ಕೋಣೆಯಲ್ಲಿ ಐದಾರು ಇಂಡೋನೇಷ್ಯಾದ ಹೆಂಗಸರೊಂದಿಗೆ ಇದ್ದಳು. ಜ್ವರದಿಂದ ಮೈ ಸುಡುತ್ತಿತ್ತು. ಆ ಬೀದಿಯಲ್ಲಿ ಆಗ ಡೆಂಗ್ಯೂ. ಆಸ್ಪತ್ರೆಗೆ ನಡೆ ಎಂದರೆ ತಲೆ ಆಡಿಸಿದಳು.

“ಅಲ್ಲಿ ಹೆಸರು ಬರೀತಾರೆ, ಕಾಗದ ಕೇಳ್ತಾರೆ, ಹಿಡೀತಾರೆ.”

“ಅವತ್ತು ನನ್ನ ಜತೆ ಬಂದಿದ್ಯಲ್ಲಕ್ಕ? ಅವತ್ತು ಹೆದರ್ಲಿಲ್ವಲ್ಲ?”

“ಅವತ್ತು ನಿನ್ ಸಲುವಾಗಿ ಬಂದೆ ತಂಗಿ. ನನ್ ಸಲುವಾಗಿ ಹೋಗಾಕೆ ಧೈರ್ಯ ಬರವಲ್ದು.”

ಮಾತ್ರೆ ಕೊಟ್ಟು, ಗಂಜಿ ಕುಡಿಸಿ ಬಂದೆ. ಮಾರನೆಯ ದಿನವೂ ಹಾಗೆಯೇ. ಆಕೆಯ ಮಾತು ಕೇಳಬಾರದಿತ್ತು. ಮೂರನೆಯ ದಿನ ವಸಡಿನಿಂದ ರಕ್ತ ಬರುತ್ತಿತ್ತು. ನಮ್ಮ ಮನೆಯವರು ಕೆಲಸ ಬಿಟ್ಟು ಬಂದರು, ಇಬ್ಬರೂ ಎತ್ತಿ ಟ್ಯಾಕ್ಸಿಗೆ ಹಾಕಿದೆವು. ಆಸ್ಪತ್ರೆಯಲ್ಲಿ ಕಾಗದ ಕೇಳುವ ಮೊದಲೇ ಡ್ರಿಪ್ ಹಾಕಿದರು. ಆಕೆಯನ್ನು ಹಿಡಿಯಲು ಯಾರೂ ಬರಲಿಲ್ಲ. ಎರಡು ದಿನ ಮೊದಲೇ ಕರೆತರಬೇಕಿತ್ತು ಎಂದು ನರ್ಸು ತಮಿಳಿನಲ್ಲಿ ಹೇಳಿದಳು.

ಕೊನೆಯ ಸಲ ನೋಡಿದಾಗ ಅಕ್ಕನಿಗೆ ಎಚ್ಚರವಿತ್ತು. “ಮಗೀಗೆ ಹಾಲು ಕುಡ್ಸಿದ್ಯಾ?” ಎಂದು ಕೇಳಿದಳು. ಕುಡಿಸಿದೆ ಎಂದೆ. “ಹೋಗು ಹಂಗಾರೆ. ಇಲ್ಲಿ ನಿಲ್ಲಬ್ಯಾಡ.” ಮರುದಿನ ಬೆಳಗಿನ ಜಾವ ಹೋಗಿಬಿಟ್ಟಳು.

ಮಗಳಿಗೆ ನಾನೇ ಫೋನು ಮಾಡಿದೆ. ಹೊಸ ನಂಬರೆಂದು ಎತ್ತಿದಳು. ಹೇಳಿದೆ. ಆಮೇಲೆ ಆಕೆಯ ಮಾವ ಫೋನು ತೆಗೆದುಕೊಂಡು, “ಹೆಣ ತರಾಕೆ ಆಗುತ್ತೇನಮ್ಮ?” ಎಂದರು. ನಮ್ಮ ಕೈಲಿ ಆಗುವ ಹಾಗಿರಲಿಲ್ಲ. “ಸುಡ್ತೀರಾ? ನಮ್ಮಲ್ಲಿ ಸುಡೋ ಪದ್ಧತಿ ಇಲ್ಲ, ಮಣ್ಣು ಮಾಡ್ತೀವಿ,” ಎಂದರು. ಅಲ್ಲಿ ಆಕೆಗೆ ಮೂರಡಿ ಆರಡಿ ಜಾಗ ಯಾರು ಕೊಡಬೇಕು? ವಿದ್ಯುತ್ ಚಿತಾಗಾರದಲ್ಲಿ ಸುಟ್ಟೆವು. ಒಂದು ಹಿಡಿಯಷ್ಟು ಬೂದಿಯ ಡಬ್ಬಿಯನ್ನೂ ಮಗುವನ್ನೂ ಎತ್ತಿಕೊಂಡು ನಾನು ವಿಮಾನ ಹತ್ತಿದೆ.

ಅವ್ವನ ಜೊತೆ ಸವಳಂಗದಿಂದ ಬಸ್ಸುಗಳನ್ನು ಬದಲಿಸಿ ಜಗಳೂರು ಸೇರಿ, ಅಲ್ಲಿಂದ ಆಟೋದಲ್ಲಿ ಆ ಹಳ್ಳಿಗೆ ಹೋದೆವು. ಮಗಳನ್ನು ಅದೇ ಊರಿಗೆ ಕೊಟ್ಟಿದ್ದರು. ಅವಳು ಬಾಗಿಲಲ್ಲಿ ನಿಂತಿದ್ದಳು. ಅಕ್ಕನದೇ ಮುಖ, ಇಪ್ಪತ್ತೆರಡು ವಯಸ್ಸಿನ ಅಕ್ಕ. ಡಬ್ಬಿ ತೆಗೆದುಕೊಂಡಳು, ಅಳಲಿಲ್ಲ. ಹೊಲದ ಬದುವಿನಲ್ಲಿ, ಅವಳ ಅಪ್ಪನನ್ನು ಹೂಳಿದ್ದ ಜಾಗದ ಪಕ್ಕ, ಮೊಣಕಾಲುದ್ದ ಗುಂಡಿ ತೆಗೆದು ಆ ಬೂದಿಯನ್ನೇ ಇಟ್ಟು ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದೆವು.

ಮನೆಗೆ ಬಂದು ಕೂತ ಮೇಲೆ ನೀರು ಕೊಟ್ಟಳು. ಕುಡಿಯುತ್ತಿದ್ದ ಹಾಗೆಯೇ ಕೇಳಿದಳು.

“ನಿಜ ಹೇಳ್ರಿ. ಬೆರಳು ಬರ್ಲಿಲ್ಲ ಅಂದಿದ್ದು ನಿಜನಾ? ನಮ್ಮವ್ವ ಯಾಕೆ ಬರ್ಲಿಲ್ಲ?”

ದಾರಿಯುದ್ದಕ್ಕೂ ಅವ್ವ ನನಗೆ, ಅದನ್ನು ಹೇಳಬೇಡ, ಸತ್ತವಳೇ ಹೇಳಲಿಲ್ಲ, ನೀನ್ಯಾಕೆ ಹೇಳುತ್ತೀ ಎಂದಿದ್ದಳು. ಆ ಹುಡುಗಿಯ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಹೆಬ್ಬೆರಳಿಗೆ ಗೆರೆ ಬಂದದ್ದು, ಸೀರೆ ಉಟ್ಟು ಬಂದದ್ದು, ಗಡಿಯಾರ. “ಹೋಗು ಅಂದಿದ್ರೆ ಹೋಗ್ತಿದ್ಲು. ನಾನು ಅನ್ನಲಿಲ್ಲ. ಬಿಟ್ಟು ಹೋಗಬ್ಯಾಡ ಅಂದೆ.”

ಅವಳು ನನ್ನನ್ನು ನೋಡಿದಳು, ನನ್ನ ತೊಡೆಯ ಮೇಲಿದ್ದ ಮಗುವನ್ನು ನೋಡಿದಳು. “ನಂದು ಬಿಟ್ಟು ನಿಂದು ಮಾಡಿದ್ಲು,” ಎಂದಳು. ಎದ್ದು ಒಳಗೆ ಹೋದಳು.

ನಾವು ಹೊರಡಲು ಎದ್ದೆವು. ಅವಳ ಮಾವ, “ಏನಂದ್ಕಬ್ಯಾಡ್ರಿ,” ಎಂದು ಕೈ ಮುಗಿದರು. ಅಂಗಳಕ್ಕೆ ಬಂದಾಗ ಹಿಂದಿನಿಂದ ಅವಳ ದನಿ: “ನಿಲ್ರಿ.” ಬಗಲಲ್ಲಿ ತನ್ನ ಮಗು. ಕಣ್ಣು ಕೆಂಪಾಗಿದ್ದವು.

“ನಿಮ್ ಮಗೀಗೆ ನೀರು ನಮ್ಮವ್ವನೇ ಹಾಕ್ತಿದ್ಲಾ?”

ಹೌದು ಎಂದೆ.

“ಹೆಂಗೆ ಹಾಕ್ತಿದ್ಲು? ತೋರ್ಸ್ರಿ.”

ಬಚ್ಚಲಲ್ಲಿ ಬಿಸಿನೀರು ಕಾಯಿಸಿದಳು. ನಾನು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಮಣೆಯ ಮೇಲೆ ಕೂತು ಕಾಲು ಚಾಚಿದೆ. ಅವಳ ಮಗುವನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡೆ. ಅಕ್ಕ ನೀರಿನ ಬಿಸಿಯನ್ನು ಅಂಗೈಯಿಂದ ನೋಡುತ್ತಿರಲಿಲ್ಲ, ಅಲ್ಲಿ ಆಕೆಗೆ ಸ್ಪರ್ಶವಿರಲಿಲ್ಲ. ಮೊಣಕೈ ಅದ್ದಿ ನೋಡುತ್ತಿದ್ದಳು. ಹಾಗೆಯೇ ನೋಡಿದೆ. ಮೊದಲು ಬೆನ್ನಿಗೆ, ಆಮೇಲೆ ತೊಡೆ ಸಂದಿಗೆ, ಕತ್ತಿನ ಮಡಿಕೆಗೆ. ಅಂಗಾತ ಮಾಡಿ, ಹಣೆಗೆ ಅಂಗೈಯನ್ನು ಸೂರಿನ ಹಾಗೆ ಹಿಡಿದು, ಕಣ್ಣಿಗೆ ಬೀಳದಂತೆ ತಲೆಗೆ ನೀರು. ಕಾಲು ಕೈ ಅಡ್ಡಡ್ಡ ಎಳೆದು, ಪ್ರತಿ ಸಲ ಎಳೆದಾಗಲೂ ಅಕ್ಕ ಅನ್ನುತ್ತಿದ್ದದ್ದನ್ನು ನಾನೂ ಅಂದೆ: “ಉದ್ದಾಗು, ಗಟ್ಟಿಯಾಗು, ಊರು ಕಾಣು.”

ಮಗು ಅಳಲಿಲ್ಲ. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದಳು. ಕೊನೆಯ ತಂಬಿಗೆಯನ್ನು ನನ್ನಿಂದ ತೆಗೆದುಕೊಂಡು ತಾನೇ ಹುಯ್ದಳು.

“ನಂಗೂ ಹಿಂಗೇ ಹಾಕಿರ್ತಾಳೆ, ಅಲ್ರೀ?” ಎಂದಳು.

ಈಗ ನಾವು ನ್ಯಾಮತಿಯಲ್ಲಿದ್ದೇವೆ. ನಮ್ಮ ಮನೆಯವರು ಅಲ್ಲಿನ ಕೆಲಸ ಮುಗಿಸಿ ಬಂದು ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅಕ್ಕನ ಮಗಳು ಒಮ್ಮೊಮ್ಮೆ ಫೋನು ಮಾಡುತ್ತಾಳೆ, ಒಮ್ಮೊಮ್ಮೆ ನಾನು ಮಾಡಿದರೆ ಎತ್ತುವುದಿಲ್ಲ. 'ಕ್ಷಮಿಸಿದ್ದೀಯಾ' ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಅವಳು ಓಡಾಡುವುದನ್ನು ನೋಡುವಾಗಲೆಲ್ಲ, ಒಬ್ಬ ತಾಯಿ ತನ್ನ ಮಗಳಿಗಾಗಿ ಕೂಡಿಟ್ಟುಕೊಂಡಿದ್ದ ದಿನವನ್ನು ಕಿತ್ತುಕೊಂಡು ಇವಳನ್ನು ಹೆತ್ತೆ ಎಂಬುದು ನನಗೆ ಗೊತ್ತು.